‘ನಾಟ್‌ರೆಡಿ’ಯೊಳಗಿನ ‘ರೆಡಿ’: ಕ್ಲಸ್ಟರ್ ಸ್ಟೇಟಸ್ ಓದುವ ಸ್ಕ್ರಿಪ್ಟ್ ಎಲ್ಲಿ ಎಡವುತ್ತದೆ

ಐದು ನೋಡ್‌ಗಳಿರುವ, ಅಂದರೆ ಐದು ಮಷೀನ್‌ಗಳು ಸೇರಿ ಒಂದಾಗಿ ಕೆಲಸ ಮಾಡುವ, ಒಂದು ಕುಬರ್ನೆಟೀಸ್ ಕ್ಲಸ್ಟರ್ ಇದೆ ಅಂದುಕೊಳ್ಳಿ. ಕಂಟೇನರ್‌ಗಳಲ್ಲಿ ಕಟ್ಟಿಟ್ಟ ಪ್ರೋಗ್ರಾಂಗಳನ್ನು ಹಲವು ಮಷೀನ್‌ಗಳ ಮೇಲೆ ಓಡಿಸುವ ಸಾಫ್ಟ್‌ವೇರ್ ಕುಬರ್ನೆಟೀಸ್. ಎಲ್ಲ ನೋಡ್‌ಗಳೂ ಚೆನ್ನಾಗಿವೆಯಾ ಅಂತ ಐದೈದು ನಿಮಿಷಕ್ಕೊಮ್ಮೆ ನೋಡುವ ಒಂದು ಚಿಕ್ಕ ಸ್ಕ್ರಿಪ್ಟ್ ಬೇಕು. ತಟ್ಟನೆ ಹೊಳೆಯುವ ದಾರಿ ಹೀಗಿರುತ್ತದೆ: ‘ಕ್ಯೂಬ್‌ಸಿಟಿಎಲ್ ಗೆಟ್ ನೋಡ್ಸ್’ ಕಮಾಂಡ್ ಓಡಿಸುವುದು, ಬಂದ ಸಾಲುಗಳಲ್ಲಿ ‘ರೆಡಿ’ ಇರುವ ಸಾಲುಗಳನ್ನು ಗ್ರೆಪ್ ಎಂಬ ಪದ ಹುಡುಕುವ ಕಮಾಂಡ್‌ನಿಂದ ಎಣಿಸುವುದು. ಐದು ಬಂದರೆ ಎಲ್ಲ ಸರಿ. ಕಡಿಮೆ ಬಂದರೆ ಯಾರನ್ನಾದರೂ ಎಬ್ಬಿಸು.

ಈಗ ಆ ಕಮಾಂಡ್ ಕೊಟ್ಟ ಉತ್ತರ ಹೀಗಿದೆ ಅನ್ನಿ:

ನೋಡ್-1   ರೆಡಿ
ನೋಡ್-2   ರೆಡಿ
ನೋಡ್-3   ನಾಟ್‌ರೆಡಿ
ನೋಡ್-4   ರೆಡಿ,ಶೆಡ್ಯೂಲಿಂಗ್‌ಡಿಸೇಬಲ್ಡ್
ನೋಡ್-5   ನಾಟ್‌ರೆಡಿ

ಗ್ರೆಪ್ ಎಣಿಸಿ ಐದು ಅನ್ನುತ್ತದೆ. ಯಾಕೆಂದರೆ ‘ನಾಟ್‌ರೆಡಿ’ಯ ಹೊಟ್ಟೆಯೊಳಗೇ ‘ರೆಡಿ’ ಕೂತಿದೆ. ಎರಡು ನೋಡ್ ಬಿದ್ದಿವೆ, ಸ್ಕ್ರಿಪ್ಟ್ ಮಾತ್ರ ಎಲ್ಲ ಸರಿ ಅನ್ನುತ್ತಿದೆ. ಸರಿ, ಸ್ಟೇಟಸ್ ಕಾಲಂನಲ್ಲಿ ‘ರೆಡಿ’ ಒಂದೇ ಇರಬೇಕು ಎಂದು ತಿದ್ದಿದಿರಿ. ಈಗ ನಾಲ್ಕನೇ ನೋಡ್ ಕೂಡ ಕೆಟ್ಟಿದೆ ಅಂತ ಅಲಾರಂ ಬರುತ್ತದೆ. ಅದಕ್ಕೆ ನಿಜವಾಗಿ ಏನೂ ಆಗಿಲ್ಲ. ಯಾರೋ ರಿಪೇರಿಗೆಂದು ಹೊಸ ಕೆಲಸ ಕೊಡಬೇಡ ಅಂತ ಪಕ್ಕಕ್ಕಿಟ್ಟಿದ್ದಾರೆ, ಅಷ್ಟೇ.

ಇಂಥ ಸ್ಕ್ರಿಪ್ಟ್‌ಗಳನ್ನು ಬರೆದು, ಕೆಡಿಸಿ, ಮತ್ತೆ ತಿದ್ದಿ ನಾನು ಕಲಿತದ್ದು ಒಂದೇ ಮಾತು. ಸ್ಟೇಟಸ್ ಓದುವ ಪ್ರೋಗ್ರಾಂಗೆ ಎರಡು ಉತ್ತರ ಸಾಲದು, ಮೂರು ಬೇಕು: ಸರಿ ಇದೆ, ಸರಿ ಇಲ್ಲ, ಗೊತ್ತಿಲ್ಲ. ನಾವು ಮೊದಲೆರಡನ್ನು ಬರೆದು ಮೂರನೆಯದನ್ನು ಮರೆಯುತ್ತೇವೆ. ಆಮೇಲೆ ಆ ‘ಗೊತ್ತಿಲ್ಲ’ ಸದ್ದಿಲ್ಲದೆ ‘ಸರಿ ಇದೆ’ಯ ಜೊತೆ ಸೇರಿಕೊಳ್ಳುತ್ತದೆ. ನಾನು ನೋಡಿದ ದೊಡ್ಡ ಅನಾಹುತಗಳೆಲ್ಲ ಹೆಚ್ಚಾಗಿ ಅಲ್ಲಿಂದಲೇ ಶುರುವಾದವು.

ಮೊದಲು ಒಂದು ವಿಷಯ ತಿಳಿದುಕೊಳ್ಳೋಣ. ಈ ಟೂಲ್‌ಗಳು ಸ್ಕ್ರೀನ್ ಮೇಲೆ ತೋರಿಸುವುದು ಮನುಷ್ಯರ ಕಣ್ಣಿಗಾಗಿ. ಕಾಲಂಗಳು ನೇರ ಕಾಣಲಿ ಅಂತ ಖಾಲಿ ಜಾಗ ತುಂಬುತ್ತವೆ. ಉದ್ದ ಹೆಸರನ್ನು ಕತ್ತರಿಸುತ್ತವೆ. ಸಂಖ್ಯೆಯನ್ನು ಓದಲು ಸುಲಭವಾಗಲಿ ಅಂತ ದುಂಡು ಮಾಡುತ್ತವೆ. ಕೆಟ್ಟದ್ದಕ್ಕೆ ಕೆಂಪು ಬಣ್ಣ ಹಾಕುತ್ತವೆ. ಕಣ್ಣಿಗೆ ಇದೆಲ್ಲ ಉಪಕಾರ, ಪ್ರೋಗ್ರಾಂಗೆ ಇದೆಲ್ಲ ಅಡ್ಡಿ.

ಸ್ಲರ್ಮ್ ನೋಡಿ. ಸೂಪರ್‌ಕಂಪ್ಯೂಟರ್‌ಗಳಲ್ಲಿ ಕೆಲಸಗಳನ್ನು ಸಾಲಿನಲ್ಲಿ ನಿಲ್ಲಿಸಿ ಹಂಚುವ ಸಾಫ್ಟ್‌ವೇರ್ ಇದು. ಇದರ ‘ಎಸ್‌ಕ್ಯೂ’ ಪಟ್ಟಿ ಬೇರೇನೂ ಹೇಳದಿದ್ದರೆ ಜಾಬ್ ಹೆಸರಿನ ಮೊದಲ 8 ಅಕ್ಷರ ಮಾತ್ರ ತೋರಿಸುತ್ತದೆ. ಒಂದೇ 8 ಅಕ್ಷರದಿಂದ ಶುರುವಾಗುವ ಎರಡು ಜಾಬ್ ಇದ್ದರೆ ನಿಮ್ಮ ಸ್ಕ್ರಿಪ್ಟ್‌ಗೆ ಅವೆರಡೂ ಒಂದೇ. ನೋಡ್‌ಗಳ ಹೆಸರನ್ನೂ ಅದು ಮಡಚಿ ಕೊಡುತ್ತದೆ: ‘ನೋಡ್[001-004,007]’. ಓದುವವರಿಗೆ ಅಲ್ಲಿ ಐದು ನೋಡ್ ಕಾಣುತ್ತದೆ. ಕಾಮಾ ಸಿಕ್ಕಲ್ಲೆಲ್ಲ ಕತ್ತರಿಸುವ ಸ್ಕ್ರಿಪ್ಟ್‌ಗೆ ಎರಡು ಮುರಿದ ತುಂಡು ಕಾಣುತ್ತದೆ. ಇದನ್ನು ಬಿಡಿಸಿಕೊಡಲು ಸ್ಲರ್ಮ್‌ನಲ್ಲೇ ‘ಎಸ್‌ಕಂಟ್ರೋಲ್ ಶೋ ಹೋಸ್ಟ್‌ನೇಮ್ಸ್’ ಅನ್ನುವ ಕಮಾಂಡ್ ಇದೆ. ಸುಮ್ನೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಬರೆದು ಒದ್ದಾಡುವ ಬದಲು ಅದನ್ನೇ ಕರೆಯುವುದು ಒಳ್ಳೆಯದು.

ಸ್ಲರ್ಮ್‌ನಲ್ಲಿ ಇನ್ನೂ ಒಂದು ಚಿಕ್ಕ ಚಿಹ್ನೆ ಇದೆ, ಅದರ ಅರ್ಥ ಮಾತ್ರ ದೊಡ್ಡದು. ನೋಡ್ ಖಾಲಿ ಕೂತಿದ್ದರೆ ಸ್ಥಿತಿ ‘ಐಡಲ್’. ಅದರ ಕೊನೆಗೊಂದು ನಕ್ಷತ್ರ ಬಂದು ‘ಐಡಲ್*’ ಆದರೆ ಆ ನೋಡ್ ಮಾತಿಗೆ ಉತ್ತರ ಕೊಡುತ್ತಿಲ್ಲ ಅಂತ ಅರ್ಥ. ಕೊನೆಗೆ ‘~’ ಇದ್ದರೆ ವಿದ್ಯುತ್ ಉಳಿಸಲು ಅದನ್ನು ಮಲಗಿಸಿದ್ದಾರೆ. ಪದ ಒಂದೇ, ಬಾಲ ಬೇರೆ, ಅರ್ಥ ಪೂರ್ತಿ ಬೇರೆ. ಚಿಹ್ನೆಗಳು ಕಸ ಅಂದುಕೊಂಡು ಅಕ್ಷರ ಮಾತ್ರ ಉಳಿಸಿಕೊಳ್ಳುವ ಪಾರ್ಸರ್‌ಗಳನ್ನು (ಉತ್ತರವನ್ನು ಬಿಡಿಸಿ ಓದುವ ಪ್ರೋಗ್ರಾಂಗಳನ್ನು) ನಾನು ಬೇಕಾದಷ್ಟು ನೋಡಿದ್ದೇನೆ. ಅವು ಎಸೆಯುವುದು ಆ ಸಾಲಿನ ಅತಿ ಮುಖ್ಯ ಅಕ್ಷರವನ್ನೇ.

ಕಾಲಂ ಎಣಿಸುವುದರ ಅಪಾಯ ತೋರಿಸಲು ಇನ್ನೊಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಪಾಡ್ ಅಂದರೆ ಕುಬರ್ನೆಟೀಸ್ ಒಟ್ಟಿಗೆ ಓಡಿಸುವ ಕಂಟೇನರ್‌ಗಳ ಚಿಕ್ಕ ಗುಂಪು. ‘ಕ್ಯೂಬ್‌ಸಿಟಿಎಲ್ ಗೆಟ್ ಪಾಡ್ಸ್’ ಐದು ಕಾಲಂ ಕೊಡುತ್ತದೆ: ಹೆಸರು, ರೆಡಿ, ಸ್ಟೇಟಸ್, ಎಷ್ಟು ಸಲ ರೀಸ್ಟಾರ್ಟ್ ಆಯಿತು, ಎಷ್ಟು ಹಳೆಯದು.

ವೆಬ್-1   1/1   ರನ್ನಿಂಗ್   0             9ಡಿ
ವೆಬ್-2   1/1   ರನ್ನಿಂಗ್   5 (3ಎಂ ಅಗೋ)   9ಡಿ

ಸಾಲನ್ನು ಖಾಲಿ ಜಾಗ ಇರುವಲ್ಲಿ ಕತ್ತರಿಸುವ ಆಕ್ ಬಳಸಿ ‘ಐದನೇ ಕಾಲಂ ಪಾಡ್‌ನ ವಯಸ್ಸು’ ಅಂತ ಬರೆದಿದ್ದೀರಿ. ಮೊದಲ ಸಾಲಿಗೆ 9 ದಿನ ಅಂತ ಸರಿಯಾದ ಉತ್ತರವೇ ಬರುತ್ತದೆ. ಎರಡನೆಯದರಲ್ಲಿ ಐದನೇ ತುಂಡು ‘(3ಎಂ’. ಕೊನೆಯ ರೀಸ್ಟಾರ್ಟ್ ಎಷ್ಟು ಹೊತ್ತಿಗೆ ಮುಂಚೆ ಆಯಿತು ಅನ್ನುವುದನ್ನು ಹೊಸ ಆವೃತ್ತಿಗಳು ಅದೇ ಕಾಲಂನೊಳಗೆ, ನಡುವೆ ಖಾಲಿ ಜಾಗ ಬಿಟ್ಟು ತೋರಿಸುತ್ತವೆ. ಹಳೆಯ ಆವೃತ್ತಿಗಳಲ್ಲಿ ಇದು ಇರಲಿಲ್ಲ. ಇಲ್ಲಿ ಗಮನಿಸಬೇಕಾದ್ದು ಏನೆಂದರೆ, ರೀಸ್ಟಾರ್ಟ್ ಆಗದ ಪಾಡ್‌ಗಳ ಸಾಲು ಮೊದಲಿನ ಹಾಗೇ ಇದೆ. ಅಂದರೆ ಎಲ್ಲ ಚೆನ್ನಾಗಿರುವ ದಿನ ಸ್ಕ್ರಿಪ್ಟ್ ಸರಿಯಾಗಿ ಕೆಲಸ ಮಾಡುತ್ತದೆ, ತೊಂದರೆ ಬಂದ ದಿನವೇ ಅದೂ ಕೈಕೊಡುತ್ತದೆ. ಟೆಸ್ಟ್ ಮಾಡುವಾಗ ನಾವು ನೋಡುವುದು ಆರೋಗ್ಯವಾಗಿರುವ ಕ್ಲಸ್ಟರನ್ನೇ ಅಲ್ವಾ? ಹಾಗಾಗಿ ಈ ಥರದ ತಪ್ಪು ಮೊದಲೇ ಕಣ್ಣಿಗೆ ಬೀಳುವುದಿಲ್ಲ.

ಟೂಲ್ ಬರೆಯುವವರಿಗೂ ಇದು ಗೊತ್ತು. ಹುಡುಕಾಟಕ್ಕೆ ಬಳಸುವ ಇಲಾಸ್ಟಿಕ್‌ಸರ್ಚ್ ಸಾಫ್ಟ್‌ವೇರ್‌ನಲ್ಲಿ ‘ಕ್ಯಾಟ್’ ಎಂಬ ಎಪಿಐಗಳ (ಅದನ್ನು ಪ್ರಶ್ನೆ ಕೇಳುವ ದಾರಿಗಳ) ಗುಂಪೊಂದಿದೆ, ಚಂದದ ಕಾಲಂಗಳಲ್ಲಿ ಉತ್ತರ ಕೊಡುತ್ತದೆ. ಅದು ಮನುಷ್ಯರು ಓದುವುದಕ್ಕೆ ಮಾತ್ರ, ಪ್ರೋಗ್ರಾಂಗಳು ಜೇಸನ್ (ಪ್ರತಿ ಮಾಹಿತಿಗೂ ಹೆಸರಿಟ್ಟು ಬರೆಯುವ ರೂಪ) ಕೊಡುವ ಎಪಿಐ ಬಳಸಲಿ ಅಂತ ಅದರ ಕೈಪಿಡಿಯಲ್ಲೇ ಬರೆದಿದ್ದಾರೆ. ಬೇರೆ ಟೂಲ್‌ಗಳಲ್ಲೂ ಇಂಥ ದಾರಿ ಇದೆ. ಕ್ಯೂಬ್‌ಸಿಟಿಎಲ್‌ಗೆ ‘-ಓ ಜೇಸನ್’, ಸ್ಟೋರೇಜ್ ಸಾಫ್ಟ್‌ವೇರ್ ಸೆಫ್‌ಗೆ ‘--ಫಾರ್ಮ್ಯಾಟ್ ಜೇಸನ್’, ಒಂದು ಸರ್ವರ್ ಬಿದ್ದರೆ ಅದರ ಕೆಲಸವನ್ನು ಇನ್ನೊಂದಕ್ಕೆ ವಹಿಸುವ ಪೇಸ್‌ಮೇಕರ್‌ನ ‘ಸಿಆರ್‌ಎಂ_ಮಾನ್’ಗೆ ‘--ಔಟ್‌ಪುಟ್-ಆಸ್=ಎಕ್ಸ್‌ಎಂಎಲ್’. ಸ್ಲರ್ಮ್‌ನ ಹೊಸ ಆವೃತ್ತಿಗಳಲ್ಲಿ ‘--ಜೇಸನ್’.

ಈ ದಾರಿ ಹಿಡಿಯದವರಿಗೆ ಏನಾಗುತ್ತದೆ ಅನ್ನುವುದಕ್ಕೆ ಡಿಆರ್‌ಬಿಡಿ ಒಳ್ಳೆಯ ಉದಾಹರಣೆ. ಎರಡು ಸರ್ವರ್‌ಗಳ ಡಿಸ್ಕನ್ನು ಒಂದರಂತೆ ಇನ್ನೊಂದು ಇರುವಂತೆ ನೋಡಿಕೊಳ್ಳುವ ಸಾಫ್ಟ್‌ವೇರ್ ಇದು. ಅದರ 8.4 ಆವೃತ್ತಿಯಲ್ಲಿ ‘/ಪ್ರಾಕ್/ಡಿಆರ್‌ಬಿಡಿ’ ಫೈಲ್ ತೆರೆದರೆ ಸಂಪರ್ಕ ಇದೆಯಾ, ಯಾವುದು ಪ್ರೈಮರಿ, ಡೇಟಾ ಎರಡೂ ಕಡೆ ಸರಿಯಾಗಿದೆಯಾ ಎಲ್ಲ ಒಂದೇ ಸಾಲಿನಲ್ಲಿ ಸಿಗುತ್ತಿತ್ತು. ಎಷ್ಟೋ ಸ್ಕ್ರಿಪ್ಟ್‌ಗಳು ಅದನ್ನೇ ನೆಚ್ಚಿಕೊಂಡಿದ್ದವು. 9ನೇ ಆವೃತ್ತಿಯಲ್ಲಿ ಆ ಫೈಲ್ ಇದೆ, ಆದರೆ ಅದರಲ್ಲಿ ಸ್ಥಿತಿಯ ಸಾಲು ಇಲ್ಲ. ಫೈಲೇ ಇಲ್ಲದಿದ್ದರೆ ಸ್ಕ್ರಿಪ್ಟ್ ಎರರ್ ಕೊಡುತ್ತಿತ್ತು. ಇಲ್ಲಿ ಫೈಲ್ ತೆರೆಯುತ್ತದೆ, ಓದಲೂ ಆಗುತ್ತದೆ. ಸಂಪರ್ಕ ಕಡಿದಾಗ ಬರುತ್ತಿದ್ದ ‘ಡಬ್ಲ್ಯುಎಫ್‌ಕನೆಕ್ಷನ್’ ಅನ್ನುವ ಪದ ಹುಡುಕುವ ಸ್ಕ್ರಿಪ್ಟ್‌ಗೆ ಆ ಪದ ಸಿಗುವುದಿಲ್ಲ. ಸಿಗಲಿಲ್ಲ ಅಂದರೆ ಸರಿ ಇದೆ ಅಂತ ಅದು ಮುಂದೆ ಹೋಗುತ್ತದೆ.

ಪೇಸ್‌ಮೇಕರ್ ಕೂಡ ಮಾತು ಬದಲಿಸಿದೆ. 2021ರಲ್ಲಿ ಬಂದ 2.1 ಆವೃತ್ತಿಯಿಂದ ‘ಮಾಸ್ಟರ್ಸ್’, ‘ಸ್ಲೇವ್ಸ್’ ಬದಲಿಗೆ ‘ಪ್ರೊಮೋಟೆಡ್’, ‘ಅನ್‌ಪ್ರೊಮೋಟೆಡ್’ ಅಂತ ತೋರಿಸುತ್ತದೆ. ಬದಲಾವಣೆ ಒಳ್ಳೆಯದೇ. ಪಾರ್ಸರ್ ಬರೆದವರು ಮಾತ್ರ ಇದಕ್ಕೆ ತಯಾರಿರಬೇಕು.

ಹಾಗಾದರೆ ಜೇಸನ್ ತೆಗೆದುಕೊಂಡು, ಅದನ್ನು ಓದುವ ಜೆಕ್ಯೂ ಟೂಲ್ ಹಾಕಿದರೆ ಎಲ್ಲ ಮುಗಿಯಿತಾ? ಇಲ್ಲ. ಜೇಸನ್ ಬಿಡಿಸಿಕೊಡುವುದು ಆಕಾರದ ತೊಂದರೆಯನ್ನು. ಅರ್ಥದ ತೊಂದರೆ ಹಾಗೇ ಉಳಿಯುತ್ತದೆ.

ಒಂದು ಪಾಡ್ ಎದ್ದು ಬಿದ್ದು, ಮತ್ತೆ ಎದ್ದು ಬೀಳುತ್ತಿದೆ ಅನ್ನಿ. ಕಣ್ಣಿಗೆ ಕಾಣುವ ಪಟ್ಟಿಯಲ್ಲಿ ಸ್ಟೇಟಸ್ ‘ಕ್ರ್ಯಾಶ್‌ಲೂಪ್‌ಬ್ಯಾಕ್‌ಆಫ್’ ಅಂತ ಇರುತ್ತದೆ. ಜೇಸನ್‌ನಲ್ಲಿ ‘ಫೇಸ್’ ಅನ್ನುವ ಫೀಲ್ಡ್ ನೋಡಿದರೆ ‘ರನ್ನಿಂಗ್’. ಎರಡೂ ಸುಳ್ಳಲ್ಲ. ಪಾಡ್‌ಗೆ ಇರುವ ಫೇಸ್ ಐದೇ: ಪೆಂಡಿಂಗ್, ರನ್ನಿಂಗ್, ಸಕ್ಸೀಡೆಡ್, ಫೇಲ್ಡ್, ಅನ್‌ನೋನ್. ಕ್ರ್ಯಾಶ್‌ಲೂಪ್ ಅನ್ನುವುದು ಒಳಗಿನ ಕಂಟೇನರ್ ಯಾಕೆ ಕಾಯುತ್ತಿದೆ ಎಂಬುದರ ಕಾರಣ. ಜೇಸನ್‌ನಲ್ಲಿ ಅದು ಇನ್ನೂ ಕೆಲವು ಮೆಟ್ಟಿಲು ಕೆಳಗೆ, ಕಂಟೇನರ್ ಸ್ಟೇಟಸ್‌ಗಳ ಪಟ್ಟಿಯೊಳಗೆ ಇರುತ್ತದೆ. ಪಟ್ಟಿ ತೋರಿಸುವಾಗ ಕ್ಯೂಬ್‌ಸಿಟಿಎಲ್ ಇವನ್ನೆಲ್ಲ ಕೂಡಿಸಿ ಒಂದು ಪದ ಮಾಡಿ ಕೊಡುತ್ತಿತ್ತು. ಜೇಸನ್‌ಗೆ ಹೋದ ಕೂಡಲೇ ಆ ಕೂಡಿಸುವ ಕೆಲಸ ನಿಮ್ಮ ಪಾಲಿಗೆ ಬರುತ್ತದೆ.

ತಿರುಗಾಮುರುಗವೂ ಆಗುತ್ತದೆ. ನೋಡ್‌ನ ‘ರೆಡಿ’ ಸ್ಥಿತಿಗೆ ಜೇಸನ್‌ನಲ್ಲಿ ಮೂರು ಬೆಲೆ ಇವೆ: ಟ್ರೂ, ಫಾಲ್ಸ್, ಅನ್‌ನೋನ್. ಫಾಲ್ಸ್ ಅಂದರೆ ನೋಡ್ ತಾನೇ ‘ನನಗೆ ಆಗುತ್ತಿಲ್ಲ’ ಅಂತ ಹೇಳಿದೆ. ಅನ್‌ನೋನ್ ಅಂದರೆ ಅದು ಏನನ್ನೂ ಹೇಳದೆ ಹೊತ್ತು ಮೀರಿದೆ. ಕಣ್ಣಿಗೆ ಕಾಣುವ ಪಟ್ಟಿ ಈ ಎರಡನ್ನೂ ‘ನಾಟ್‌ರೆಡಿ’ ಅಂತ ಒಂದೇ ಡಬ್ಬಕ್ಕೆ ಹಾಕುತ್ತದೆ. ಮೊದಲನೆಯದಾದರೆ ಆ ಮಷೀನಿಗೆ ಲಾಗಿನ್ ಆಗಿ ನೋಡಬಹುದು. ಎರಡನೆಯದಾದರೆ ನೆಟ್‌ವರ್ಕ್ ಕಡಿದಿದೆಯಾ, ಮಷೀನೇ ಸತ್ತಿದೆಯಾ ಅನ್ನುವಲ್ಲಿಂದ ಶುರು ಮಾಡಬೇಕು. ರಾತ್ರಿ ಎದ್ದು ಕೂತವರಿಗೆ ಈ ವ್ಯತ್ಯಾಸ ಬಹಳ ದೊಡ್ಡದು.

ಈ ಅನ್‌ನೋನ್ ಅನ್ನುವುದನ್ನು ಸರ್ವರ್‌ಗಳ ಮೇಲೆ ಕಣ್ಣಿಡುವ ಸಾಫ್ಟ್‌ವೇರ್ ನಾಗಿಯೋಸ್ ಬಹಳ ಹಿಂದೆಯೇ ಸರಿಯಾಗಿ ಗುರುತಿಸಿತ್ತು. ಅದರ ಪ್ಲಗಿನ್‌ಗಳು ಕೊಡುವ ಎಕ್ಸಿಟ್ ಕೋಡ್ (ಕೆಲಸ ಮುಗಿಸುವಾಗ ಹೇಳುವ ಅಂಕಿ) ನಾಲ್ಕು: 0 ಅಂದರೆ ಸರಿ, 1 ಎಚ್ಚರಿಕೆ, 2 ಗಂಭೀರ, 3 ಗೊತ್ತಿಲ್ಲ. ಗೊತ್ತಿಲ್ಲ ಅನ್ನುವುದಕ್ಕೇ ಒಂದು ಅಂಕಿ ಮೀಸಲು. ನಿಮ್ಮ ಸ್ಕ್ರಿಪ್ಟ್ ನಾಗಿಯೋಸ್‌ಗೆ ಅಲ್ಲದಿದ್ದರೂ ಈ ನಾಲ್ಕನ್ನೇ ಇಟ್ಟುಕೊಳ್ಳಿ ಅನ್ನುವುದು ನನ್ನ ಸಲಹೆ. ಇಷ್ಟು ಸರಳವಾದ, ಇಷ್ಟು ಜನರಿಗೆ ಗೊತ್ತಿರುವ ಪದ್ಧತಿ ಈ ಕ್ಷೇತ್ರದಲ್ಲಿ ಇನ್ನೊಂದು ನನಗೆ ಕಂಡಿಲ್ಲ.

‘ಗೊತ್ತಿಲ್ಲ’ ಎಲ್ಲೆಲ್ಲಿಂದ ಬರುತ್ತದೆ ನೋಡಿ. ಸೆಫ್ ಸ್ಟೋರೇಜ್ ಕ್ಲಸ್ಟರ್‌ನಲ್ಲಿ ‘ಸೆಫ್ -ಎಸ್’ ಅಂತ ಕೇಳಿದರೆ ಸಾಮಾನ್ಯವಾಗಿ ‘ಹೆಲ್ತ್_ಓಕೆ’, ‘ಹೆಲ್ತ್_ವಾರ್ನ್’, ‘ಹೆಲ್ತ್_ಇಆರ್‌ಆರ್’ ಇವುಗಳಲ್ಲಿ ಒಂದು ಬರುತ್ತದೆ. ಆದರೆ ಕ್ಲಸ್ಟರ್‌ನ ಲೆಕ್ಕ ಇಡುವ ‘ಮಾನಿಟರ್’ ಪ್ರೋಗ್ರಾಂಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬದುಕಿಲ್ಲದಿದ್ದರೆ ಆ ಕಮಾಂಡ್ ಯಾವುದನ್ನೂ ಹೇಳುವುದಿಲ್ಲ. ಸುಮ್ಮನೆ ಕಾಯುತ್ತಾ ನಿಲ್ಲುತ್ತದೆ. ಕ್ಲಸ್ಟರ್‌ನ ಅತಿ ಕೆಟ್ಟ ಸ್ಥಿತಿಗಳಲ್ಲಿ ಇದೊಂದು, ಅದಕ್ಕೆ ಪದವೇ ಇಲ್ಲ! ನಿಮ್ಮ ಸ್ಕ್ರಿಪ್ಟ್ ಕೂಡ ಅದರ ಜೊತೆ ಕಾಯುತ್ತದೆ. ಐದು ನಿಮಿಷ ಬಿಟ್ಟು, ಹೊತ್ತಿಗೆ ಸರಿಯಾಗಿ ಸ್ಕ್ರಿಪ್ಟ್ ಓಡಿಸುವ ಕ್ರಾನ್ ಇನ್ನೊಂದನ್ನು ಶುರು ಮಾಡುತ್ತದೆ, ಅದೂ ಕಾಯುತ್ತದೆ. ಮೆಸೇಜ್ ಮಾತ್ರ ಒಂದೂ ಬರುವುದಿಲ್ಲ. ಇದಕ್ಕೆ ಮದ್ದು ಸುಲಭ: ಕಮಾಂಡ್‌ಗೆ ಮೊದಲು ‘ಟೈಮ್‌ಔಟ್ 10’ ಸೇರಿಸಿ. ಹೊತ್ತು ಮೀರಿದರೆ ಅದು 124 ಅನ್ನುವ ಕೋಡ್ ಕೊಟ್ಟು ಹೊರಬರುತ್ತದೆ. ಅದನ್ನು ಹಿಡಿದು 3 ಅಂತ ಹೇಳಿ.

ಇನ್ನೊಂದು ಜಾಗ ಶೆಲ್‌ನ ಪೈಪ್, ಅಂದರೆ ಒಂದು ಕಮಾಂಡ್‌ನ ಉತ್ತರವನ್ನು ಇನ್ನೊಂದಕ್ಕೆ ಕೊಡುವ ‘|’ ಗುರುತು. ‘ಸ್ಟೇಟಸ್ ಕಮಾಂಡ್ | ಗ್ರೆಪ್ ಎರರ್’ ಅಂತ ಬರೆದರೆ ಕೊನೆಗೆ ನಿಮಗೆ ಸಿಗುವುದು ಗ್ರೆಪ್‌ನ ಫಲಿತಾಂಶ. ಸ್ಟೇಟಸ್ ಕಮಾಂಡ್ ಪಾಸ್‌ವರ್ಡ್ ತಪ್ಪಿ ಮೊದಲ ಹೆಜ್ಜೆಯಲ್ಲೇ ಬಿದ್ದಿದ್ದರೂ ಗ್ರೆಪ್‌ಗೆ ಅದು ಗೊತ್ತಾಗುವುದಿಲ್ಲ. ಬಂದದ್ದು ಶೂನ್ಯ ಸಾಲು, ಅದರಲ್ಲಿ ‘ಎರರ್’ ಇಲ್ಲ, ಹಾಗಾಗಿ ಎಲ್ಲ ಕ್ಷೇಮ. ಸ್ಟೇಟಸ್ ಕಮಾಂಡನ್ನು ಮೊದಲು ಬೇರೆಯಾಗಿ ಓಡಿಸಿ, ಅದರ ಎಕ್ಸಿಟ್ ಕೋಡ್ ನೋಡಿ, ಆಮೇಲೆ ಉತ್ತರವನ್ನು ಗ್ರೆಪ್‌ಗೆ ಕೊಟ್ಟರೆ ಅರ್ಧ ತೊಂದರೆ ಹೋಗುತ್ತದೆ. ಉಳಿದ ಅರ್ಧಕ್ಕೆ, ಉತ್ತರ ಖಾಲಿ ಬಂದಿದೆಯಾ ಅಂತ ಮೊದಲೇ ನೋಡಬೇಕು. ಎಷ್ಟು ನೋಡ್ ಇರಬೇಕು ಅನ್ನುವ ಸಂಖ್ಯೆಯನ್ನು ಸ್ಟೇಟಸ್‌ನಿಂದ ಅಲ್ಲದೆ ಬೇರೆ ಕಡೆಯಿಂದ ತಂದು ಹೋಲಿಸಬೇಕು. ಐದು ಬರಬೇಕಿತ್ತು, ನಾಲ್ಕೇ ಸಾಲು ಬಂದಿವೆ, ನಾಲ್ಕೂ ‘ರೆಡಿ’ ಅನ್ನುತ್ತಿವೆ ಅಂದರೆ ಅದು ಒಳ್ಳೆಯ ಸುದ್ದಿಯಲ್ಲ.

ಸರ್ವರ್‌ಗಳಿಂದ ಮೆಟ್ರಿಕ್‌ಗಳನ್ನು, ಅಂದರೆ ಅಳತೆಯ ಅಂಕಿಗಳನ್ನು, ಕೂಡಿಡುವ ಪ್ರೊಮಿಥಿಯಸ್ ಬಳಸುವವರಿಗೂ ಇದೇ ಗುಂಡಿ ಇದೆ. ಒಂದು ಸರ್ವರ್ ಉತ್ತರ ಕೊಡದಿದ್ದರೆ ಅದರ ‘ಅಪ್’ ಅನ್ನುವ ಮೆಟ್ರಿಕ್ 0 ಆಗುತ್ತದೆ, ಅಲರ್ಟ್ ಬರುತ್ತದೆ. ಆ ಸರ್ವರ್ ಪಟ್ಟಿಯಿಂದಲೇ ಬಿಟ್ಟುಹೋದರೆ ‘ಅಪ್’ 0 ಆಗುವುದಿಲ್ಲ, ಕಾಣೆಯಾಗುತ್ತದೆ. ಇಲ್ಲದ ಸಂಖ್ಯೆ 0ಗೆ ಸಮ ಅಲ್ಲ, ಹಾಗಾಗಿ ಅಲರ್ಟ್ ಇಲ್ಲ. ‘ಆಬ್ಸೆಂಟ್’ ಅನ್ನುವ ಫಂಕ್ಷನ್ ಇರುವುದು ಇದಕ್ಕೇ.

ಇನ್ನು ಪದಗಳ ವಿಚಾರ. ಕೆಟ್ಟ ಪದಗಳ ಪಟ್ಟಿ ಮಾಡಿ ಅವನ್ನು ಹುಡುಕುವುದು ಸಹಜ ಅನ್ನಿಸುತ್ತದೆ. ಅದು ತಿರುವುಮುರುವಾಗಬೇಕು: ಒಳ್ಳೆಯದು ಅಂತ ಖಚಿತವಾಗಿ ಗೊತ್ತಿರುವ ಪದಗಳ ಪಟ್ಟಿ ಮಾಡಿ, ಉಳಿದದ್ದೆಲ್ಲ ಅಲ್ಲ ಅನ್ನಿ. ಸೆಫ್ ತನ್ನ ಡೇಟಾವನ್ನು ಪ್ಲೇಸ್‌ಮೆಂಟ್ ಗ್ರೂಪ್‌ಗಳೆಂಬ ಗುಂಪುಗಳಲ್ಲಿ ಇಡುತ್ತದೆ. ಒಂದೊಂದು ಗುಂಪಿನ ಸ್ಥಿತಿ ಹಲವು ಪದಗಳನ್ನು ‘+’ ಹಾಕಿ ಜೋಡಿಸಿದ್ದು. ‘ಆಕ್ಟಿವ್+ಕ್ಲೀನ್’ ಒಳ್ಳೆಯದು. ‘ಆಕ್ಟಿವ್+ಕ್ಲೀನ್+ಸ್ಕ್ರಬ್ಬಿಂಗ್’ ಕೂಡ ಒಳ್ಳೆಯದೇ, ಡೇಟಾ ಸರಿ ಇದೆಯಾ ಅಂತ ತಾನೇ ಪರೀಕ್ಷೆ ಮಾಡಿಕೊಳ್ಳುತ್ತಿದೆ. ‘ಆಕ್ಟಿವ್+ಕ್ಲೀನ್+ಇನ್‌ಕನ್ಸಿಸ್ಟೆಂಟ್’ ಮಾತ್ರ ಬೇರೆಯೇ ಕತೆ. ಪರೀಕ್ಷೆ ಮಾಡಿದಾಗ ಪ್ರತಿಗಳು ಒಂದಕ್ಕೊಂದು ತಾಳೆಯಾಗಿಲ್ಲ ಅಂತ ಅರ್ಥ. ಇದರಲ್ಲೂ ‘ಆಕ್ಟಿವ್+ಕ್ಲೀನ್’ ಇದೆ. ಶುರುವಿನ ಎರಡು ಪದ ನೋಡಿ ಬಿಟ್ಟರೆ ಹಾಳಾದ ಡೇಟಾವನ್ನು ಹಸಿರು ಬಣ್ಣದಲ್ಲಿ ತೋರಿಸಿದ ಹಾಗೆ. ‘+’ ಇರುವಲ್ಲಿ ಕತ್ತರಿಸಿ, ಒಂದೊಂದು ಪದವನ್ನೂ ಒಳ್ಳೆಯ ಪಟ್ಟಿಯೊಂದಿಗೆ ಹೋಲಿಸಬೇಕು. ಒಂದು ಪದ ಹೊರಗೆ ಉಳಿದರೂ ನಿಲ್ಲಬೇಕು.

ಇಲಾಸ್ಟಿಕ್‌ಸರ್ಚ್ ತನ್ನ ಸ್ಥಿತಿಯನ್ನು ಬಣ್ಣದ ಹೆಸರಿನಲ್ಲಿ ಹೇಳುತ್ತದೆ, ಅದರ ಹಳದಿಯ ಬಗ್ಗೆಯೂ ಒಂದು ಮಾತು. ಕೆಂಪು ಅಂದರೆ ಯಾವುದೋ ಮೂಲ ಶಾರ್ಡ್‌ಗೇ (ಡೇಟಾದ ತುಂಡಿಗೇ) ಜಾಗ ಸಿಕ್ಕಿಲ್ಲ. ಹಳದಿ ಅಂದರೆ ಮೂಲ ಇದೆ, ನಕಲು ಪ್ರತಿಗೆ ಜಾಗ ಇಲ್ಲ. ಒಂದೇ ನೋಡ್ ಇರುವ ಕ್ಲಸ್ಟರ್‌ನಲ್ಲಿ ನಕಲು ಪ್ರತಿ ಕೇಳಿದ್ದರೆ ಅದು ಯಾವಾಗಲೂ ಹಳದಿಯೇ, ಯಾಕೆಂದರೆ ಮೂಲ ಮತ್ತು ನಕಲನ್ನು ಅದು ಒಂದೇ ನೋಡ್‌ನಲ್ಲಿ ಇಡುವುದಿಲ್ಲ. ಬಣ್ಣದ ಅರ್ಥ ಕ್ಲಸ್ಟರ್ ಹೇಗೆ ಕಟ್ಟಿದೆ ಅನ್ನುವುದರ ಮೇಲೂ ನಿಂತಿದೆ.

ಇಷ್ಟು ಹೊತ್ತು ಉತ್ತರವನ್ನು ಹೇಗೆ ಓದಬೇಕು ಅಂತ ನೋಡಿದೆವು. ಉತ್ತರ ಕೊಟ್ಟವರು ಯಾರು ಅಂತಲೂ ಕೇಳಬೇಕು. ಕ್ಲಸ್ಟರ್‌ಗೆ ಮೇಲಿನಿಂದ ಎಲ್ಲವನ್ನೂ ನೋಡುವ ಕಣ್ಣಿಲ್ಲ. ಸ್ಟೇಟಸ್ ಅಂದರೆ ಯಾವುದೋ ಒಂದು ಕಡೆ ನಿಂತು ಕಂಡದ್ದು. ಐದು ನೋಡ್‌ಗಳ ಪೇಸ್‌ಮೇಕರ್ ಕ್ಲಸ್ಟರ್‌ನಲ್ಲಿ ನೆಟ್‌ವರ್ಕ್ ಕಡಿದು ಮೂರು ಒಂದು ಕಡೆ, ಎರಡು ಇನ್ನೊಂದು ಕಡೆ ಆದವು ಅನ್ನಿ. ಮೂರು ಇರುವ ಕಡೆ ಕೇಳಿದರೆ ‘ಆ ಎರಡು ಇಲ್ಲ’ ಅನ್ನುತ್ತದೆ. ಎರಡು ಇರುವ ಕಡೆ ಕೇಳಿದರೆ ‘ಆ ಮೂರು ಇಲ್ಲ’ ಅನ್ನುತ್ತದೆ. ನಿಮ್ಮ ಸ್ಕ್ರಿಪ್ಟ್ ಯಾವ ನೋಡ್ ಮೇಲೆ ಓಡುತ್ತಿದೆಯೋ ಆ ಕಡೆಯ ಮಾತನ್ನೇ ಸತ್ಯ ಅಂದುಕೊಳ್ಳುತ್ತದೆ. ಇದನ್ನು ಬಿಡಿಸುವ ಪದ ಸಿಆರ್‌ಎಂ_ಮಾನ್‌ನ ಮೇಲಿನ ಸಾಲುಗಳಲ್ಲೇ ಇರುತ್ತದೆ: ‘ಪಾರ್ಟಿಶನ್ ವಿತ್ ಕೋರಂ’ ಅಥವಾ ‘ಪಾರ್ಟಿಶನ್ ವಿತೌಟ್ ಕೋರಂ’. ಐದರಲ್ಲಿ ಮೂರು ಇರುವ ಕಡೆಗೆ ಕೋರಂ, ಅಂದರೆ ಬಹುಮತ, ಇದೆ, ಮಾತಿಗೆ ತೂಕ ಇದೆ. ನೋಡ್‌ಗಳ ಸಾಲಿಗೆ ಹೋಗುವ ಮೊದಲು ಇದನ್ನು ಓದಿ. ಕೋರಂ ಇಲ್ಲದಿದ್ದರೆ ಕೆಳಗಿನದ್ದೆಲ್ಲ ‘ಈ ಕಡೆಯಿಂದ ಹೀಗೆ ಕಾಣುತ್ತಿದೆ’ ಅಷ್ಟೇ.

ಯಾವಾಗಿನ ಉತ್ತರ ಅನ್ನುವುದೂ ಇದೆ. ಕುಬರ್ನೆಟೀಸ್‌ನಲ್ಲಿ ಒಂದು ನೋಡ್ ಏಕಾಏಕಿ ಸತ್ತರೆ ಅದರ ಮೇಲಿದ್ದ ಪಾಡ್‌ಗಳು ತಕ್ಷಣ ಪಟ್ಟಿಯಿಂದ ಹೋಗುವುದಿಲ್ಲ. ಬೇರೆ ಸೆಟ್ಟಿಂಗ್ ಇಲ್ಲದಿದ್ದರೆ ನೋಡ್ ಸಿಗುತ್ತಿಲ್ಲ ಅಂತ ಗೊತ್ತಾದ ಮೇಲೂ 300 ಸೆಕೆಂಡು ಕಾಯುತ್ತದೆ. ಅಷ್ಟು ಹೊತ್ತು ‘1/1 ರನ್ನಿಂಗ್’ ಅಂತಲೇ ಕಾಣುತ್ತದೆ. ಅದು ಆ ನೋಡ್ ಕೊನೆಯದಾಗಿ ಹೇಳಿದ ಮಾತು. ಪಾಡ್‌ಗಳನ್ನು ಮಾತ್ರ ನೋಡಿ ನೋಡ್‌ಗಳನ್ನು ನೋಡದ ಸ್ಕ್ರಿಪ್ಟ್ ಸತ್ತ ಮಷೀನಿನ ಹಳೆಯ ಮಾತನ್ನು ಇವತ್ತಿನದು ಅಂತ ನಂಬುತ್ತದೆ.

ಭಾಷೆಯ ಸೆಟ್ಟಿಂಗ್ ತೊಂದರೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ನಿಮ್ಮ ಟರ್ಮಿನಲ್‌ನಲ್ಲಿ ಒಂದು ಲೊಕೇಲ್, ಕ್ರಾನ್‌ನಲ್ಲಿ ಇನ್ನೊಂದು ಇರಬಹುದು. ದಿನಾಂಕ, ದಶಮಾಂಶ ಚುಕ್ಕಿ, ಕೆಲವೊಮ್ಮೆ ಮೆಸೇಜ್ ಕೂಡ ಬದಲಾಗುತ್ತದೆ. ಸ್ಕ್ರಿಪ್ಟ್‌ನ ಮೊದಲಲ್ಲೇ ‘ಎಲ್‌ಸಿ_ಆಲ್=ಸಿ’ ಅಂತ ಹಾಕಿಬಿಡಿ.

ಕಣ್ಣಿಗೆ ಕಾಣದ ಅಕ್ಷರದ್ದು ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇದು ನನ್ನ ಇಡೀ ಮಧ್ಯಾಹ್ನ ತಿಂದಿದೆ. ರೆಡಿಸ್ ಎಂಬ ಡೇಟಾಬೇಸ್‌ನಲ್ಲಿ ‘ಕ್ಲಸ್ಟರ್ ಇನ್ಫೋ’ ಕೇಳಿದರೆ ‘ಕ್ಲಸ್ಟರ್_ಸ್ಟೇಟ್:ಓಕೆ’ ಅಂತ ಸಾಲು ಬರುತ್ತದೆ. ಕೋಲನ್ ಹತ್ತಿರ ಕತ್ತರಿಸಿ ‘ಓಕೆ’ಗೆ ಸಮವಾ ಅಂತ ಕೇಳಿದೆ. ಅಲ್ಲ ಅಂದಿತು. ಪ್ರಿಂಟ್ ಮಾಡಿ ನೋಡಿದರೆ ‘ಓಕೆ’ ಅಂತಲೇ ಇದೆ. ಮತ್ತೆ ಹೋಲಿಸಿದರೆ ಅಲ್ಲ. ಕೊನೆಗೆ ‘ಓಡಿ’ ಕಮಾಂಡ್‌ನಿಂದ ಒಂದೊಂದೇ ಅಕ್ಷರ ಬಿಡಿಸಿ ನೋಡಿದಾಗ ಸಿಕ್ಕಿತು. ರೆಡಿಸ್ ಪ್ರತಿ ಸಾಲಿನ ಕೊನೆಗೆ ಹೊಸ ಸಾಲಿನ ಗುರುತಿನ ಮುಂಚೆ ಕ್ಯಾರೇಜ್ ರಿಟರ್ನ್ ಅನ್ನೂ ಹಾಕುತ್ತದೆ. ‘ಓಕೆ’ಯ ಬೆನ್ನಿಗೆ ಅಂಟಿಕೊಂಡ ಆ ಅಕ್ಷರ ಸ್ಕ್ರೀನ್ ಮೇಲೆ ಕಾಣುವುದೇ ಇಲ್ಲ. ‘ಟಿಆರ್’ ಕಮಾಂಡ್‌ನಿಂದ ಅದನ್ನು ತೆಗೆದರೆ ಆಯಿತು.

ಆ ಮಧ್ಯಾಹ್ನದಿಂದ ನಾನು ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ನಿಜವಾದ ಕ್ಲಸ್ಟರ್ ಕೊಟ್ಟ ಉತ್ತರಗಳನ್ನು ಕಾಪಿ ಪೇಸ್ಟ್ ಮಾಡದೆ ನೇರ ಫೈಲ್‌ಗೆ ಉಳಿಸುತ್ತೇನೆ. ಚೆನ್ನಾಗಿದ್ದ ದಿನದ್ದೊಂದು, ಒಂದು ನೋಡ್ ಬಿದ್ದ ದಿನದ್ದೊಂದು, ಅಪ್‌ಗ್ರೇಡ್ ಆದ ಮೇಲಿನದ್ದೊಂದು. ಪಾರ್ಸರ್ ಅನ್ನು ಕಮಾಂಡ್ ಓಡಿಸುವ ಭಾಗದಿಂದ ಬೇರೆ ಇಟ್ಟರೆ ಈ ಫೈಲ್‌ಗಳನ್ನೇ ಅದಕ್ಕೆ ಕೊಟ್ಟು ನೋಡಬಹುದು. ಅವುಗಳ ಜೊತೆ ಕೈಯಾರೆ ಮಾಡಿದ ಮೂರು ಫೈಲ್ ಕೂಡ ಇಡುತ್ತೇನೆ: ಪೂರ್ತಿ ಖಾಲಿ ಇರುವುದು, ಅರ್ಧದಲ್ಲೇ ತುಂಡಾದ ಜೇಸನ್, ಮತ್ತು ‘ರೆಡಿ’ ಇರುವ ಜಾಗದಲ್ಲಿ ಯಾವ ಟೂಲೂ ಎಂದೂ ಹೇಳದ ಒಂದು ಪದ ಹಾಕಿದ್ದು. ಮೂರಕ್ಕೂ ಸ್ಕ್ರಿಪ್ಟ್ 3 ಅಂತ ಉತ್ತರ ಕೊಟ್ಟ ಮೇಲೆಯೇ ಅದನ್ನು ಕ್ರಾನ್‌ಗೆ ಹಾಕುತ್ತೇನೆ.